ಕಾಲಿನ ಬೆಲ್ಟು

ಜನವರಿಯ ಒಂದು ಶನಿವಾರ ನಮ್ಮ ಪುಣೆಯ ನಾಲ್ಕು ಕನ್ನಡ ಕುಟುಂಬಗಳು ಪವನಾ ಹಿನ್ನೀರಿನ ದಂಡೆಯಲ್ಲಿ ಟೆಂಟ್ ಹಾಕಿದ್ದೆವು. ಎದುರಿಗೆ ತುಂಗ್, ತಿಕೋನಾ ಕೋಟೆಗಳು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಡಬ್ಬಿ ಎಲ್ಲ ಬಂದಿದ್ದವು. ಉಳಿದವರಿಗೆ ಅದು ಬರೀ ಕ್ಯಾಂಪಿಂಗ್. ನನಗೆ ಮಾತ್ರ ಬೆಳಗಿನಿಂದಲೇ ಹೊಟ್ಟೆಯಲ್ಲಿ ಕಳವಳ. ಮರುದಿನ ನಾನು ಸಮೀಪದ ಕಾಮ್‌ಶೇತ್‌ಗೆ ಹೋಗುವವಳಿದ್ದೆ, 11 ವರ್ಷಗಳ ನಂತರ ಮತ್ತೆ ಪ್ಯಾರಾಗ್ಲೈಡರ್ ಕಟ್ಟಿಕೊಳ್ಳಲು.

ಧಾರವಾಡದಿಂದ ನೌಕರಿಗೆಂದು ಪುಣೆಗೆ ಬಂದ ಹೊಸದರಲ್ಲಿ ಕಲಿತ ವಿದ್ಯೆ ಅದು. ಶನಿವಾರ ಬೆಳಗಾದರೆ ಲೋಣಾವಳಾ ಲೋಕಲ್ ಹತ್ತಿ ಕಾಮ್‌ಶೇತ್‌ನಲ್ಲಿ ಇಳಿಯುತ್ತಿದ್ದೆ. ಮಳೆಗಾಲ ಬಂತೆಂದರೆ ಹಾರಾಟ ಬಂದ್. ಆ ನಾಲ್ಕು ತಿಂಗಳು ಕಳೆಯುವುದೇ ಕಷ್ಟವಾಗುತ್ತಿತ್ತು.

ರಾತ್ರಿ ಬೆಂಕಿಯ ಸುತ್ತ ಕೂತಾಗ ಯಾರೋ ಕೇಳಿದರು, "ಅಲ್ರೀ, ಅಷ್ಟು ಹುಚ್ಚು ಇದ್ದವ್ರು ಯಾಕ ಬಿಟ್ರಿ?"

"ಮಗಾ ಹುಟ್ಟಿದ ಅಲ್ರೀ," ಅಂದೆ. ಎಲ್ಲರಿಗೂ ಹೇಳುವ ಉತ್ತರ ಅದೇ. ಊರಲ್ಲಿ ಅವ್ವನಿಗೂ ಅದನ್ನೇ ಹೇಳಿದ್ದೆ. ಅವಳಿಗೆ ಸಂತೋಷವೇ ಆಗಿತ್ತು.

ಟೆಂಟ್‌ನಲ್ಲಿ ಮಲಗಿದ ಮೇಲೆ ಹತ್ತು ವರ್ಷದ ಮಗ ಕತ್ತಲಲ್ಲಿ ಮೆಲ್ಲಗೆ ಕೇಳಿದ: "ಅವ್ವಾ, ನಾ ಹುಟ್ಟಲಿಲ್ಲಾ ಅಂದ್ರ ನೀ ಇನ್ನೂ ಹಾರತಿದ್ದಿ, ಹೌದಿಲ್ಲೋ?"

ಇಷ್ಟು ವರ್ಷ ನನ್ನ ಅಂಜಿಕೆಯ ಭಾರವನ್ನು ಇವನ ಹೆಗಲಿಗೆ ಹಾಕಿದ್ದೆ ಎಂಬುದು ಆಗ ತಿಳಿಯಿತು. ಎದ್ದು ಕೂತು ಇದ್ದದ್ದನ್ನು ಹೇಳಿದೆ.

ಅವತ್ತು ಗಾಳಿ ಚೆನ್ನಾಗಿತ್ತು. ಮಾತಾಡುತ್ತ ಹಾರ್ನೆಸ್ ಹಾಕಿಕೊಂಡೆ. ಎದೆಯ ಬೆಲ್ಟು ಬಿಗಿದೆ, ಹೆಲ್ಮೆಟ್ ಹಾಕಿದೆ, ಓಡಲು ಸಿದ್ಧಳಾದೆ. "ಪಾಯಾಚೇ ಪಟ್ಟೆ!" ಎಂದು ಗುರುಗಳು ಕೂಗಿದರು. ಕೆಳಗೆ ನೋಡಿದರೆ ಎರಡೂ ಕಾಲಿನ ಬೆಲ್ಟುಗಳು ಜೋತಾಡುತ್ತಿದ್ದವು. ಹಾಗೇ ಹಾರಿದ್ದರೆ ಕೂರಲು ಆಸರೆಯಿಲ್ಲದೆ ಕಂಕುಳಲ್ಲಿ ಜೋತಾಡಿ, ಹಾರ್ನೆಸ್‌ನಿಂದ ಜಾರಿ ಬೀಳಬಹುದಿತ್ತು. ಯಾಂತ್ರಿಕ ದೋಷವಲ್ಲ, ಗಾಳಿಯ ತಪ್ಪಲ್ಲ, ನನ್ನದೇ ಮರೆವು. ಆ ದಿನ ಮನೆಗೆ ಹೋದವಳು ಮತ್ತೆ ಆ ಕಡೆ ಸುಳಿಯಲಿಲ್ಲ. ಕೆಲವೇ ತಿಂಗಳಿಗೆ ಬಸುರಾದೆ. ನೆಪ ತಾನಾಗಿ ಸಿಕ್ಕಿತು.

ಆಚೆ ಮಗ್ಗುಲಿಂದ ಯಜಮಾನರ ದನಿ ಬಂತು. "ನನಗರೆ ಹೇಳಬೇಕಿತ್ತಲ್ಲ."

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ಬೆಲ್ಟು ನಾ ನೋಡತೀನಿ," ಎಂದು ಮಗ್ಗುಲಾಗಿ ನಿದ್ದೆ ಹೋದ.

ಬೆಳಿಗ್ಗೆ ಎತ್ತರದ ಗುಡ್ಡಕ್ಕೆ ಕರೆದೊಯ್ಯಲಿಲ್ಲ, ಒಯ್ಯಲೂಬಾರದು. ಅಟ್ಟದ ಮೇಲಿದ್ದ ನನ್ನ ಹಳೆಯ ರೆಕ್ಕೆಯನ್ನೂ ತಂದಿರಲಿಲ್ಲ. ಬಿಸಿಲಿಗೆ, ವಯಸ್ಸಿಗೆ ಅದರ ಬಟ್ಟೆಯಿಂದ ಗಾಳಿ ಸೋರತೊಡಗುತ್ತದೆ, ದಾರಗಳು ಸೊರಗುತ್ತವೆ. ಶಾಲೆಯವರೇ ಕೊಟ್ಟ ರೆಕ್ಕೆಯಲ್ಲಿ ಎರಡು ತಾಸು ಬಯಲಲ್ಲೇ ಅಭ್ಯಾಸ. ರೆಕ್ಕೆಯನ್ನು ತಲೆಯ ಮೇಲೆ ಎಬ್ಬಿಸುವುದು, ಅದು ಬಲಕ್ಕೆ ವಾಲಿದರೆ ಅದರ ಕೆಳಗೇ ಬಲಕ್ಕೆ ಓಡುವುದು. ಕೈಗೆ ಎಲ್ಲ ನೆನಪಿತ್ತು. ಮೊಣಕಾಲಿಗೆ ಮಾತ್ರ 45 ತುಂಬಿತ್ತು.

ಕೊನೆಗೆ ಪುಟ್ಟ ದಿಬ್ಬದ ಮೇಲೆ ನಿಂತೆ. ಹೆಲ್ಮೆಟ್, ಎದೆ, ಕ್ಯಾರಬೀನರ್, ರಿಸರ್ವ್ ಪಿನ್ ಎಂದು ಗಟ್ಟಿಯಾಗಿ ಹೇಳಿಕೊಂಡೆ. ಪಕ್ಕಕ್ಕೆ ನಿಂತಿದ್ದ ಮಗ ಬೆರಳು ತೋರಿಸಿ, "ಎಡಗಾಲು? ಬಲಗಾಲು?" ಅಂದ. ಬೆಲ್ಟುಗಳನ್ನು ಎರಡೆರಡು ಸಲ ಎಳೆದು ತೋರಿಸಿದೆ. ಓಡಿದೆ. ನೆಲ ಕಾಲ ಕೆಳಗಿಂದ ಸರಿಯಿತು. ಅರ್ಧ ನಿಮಿಷವೂ ಇರಲಿಕ್ಕಿಲ್ಲ, ಹುಲ್ಲಿನ ಮೇಲೆ ಮೊಣಕಾಲೂರಿ ಬಿದ್ದೆ.

ಮಗ ಓಡಿಬಂದ. "ಇಷ್ಟ ಏನ?" ಅಂದ.

"ಸದ್ಯಕ್ಕ ಇಷ್ಟ," ಅಂದೆ.

ಸಂಜೆ ಊರಿಗೆ ಫೋನ್ ಮಾಡಿ ಅವ್ವನಿಗೆ ನಿಜ ಹೇಳಿದೆ. ಬಹಳ ಬೈದಳು. ಬೈದು ಮುಗಿಸಿ, "ಮೊಮ್ಮಗನ ಕೈಯಾಗ ಕೊಡು," ಅಂದಳು. ಪ್ರತಿ ಸಲವೂ ಬೆಲ್ಟು ನೋಡಬೇಕೆಂದು ಅವನಿಗೆ ತಾಕೀತು ಮಾಡುತ್ತಿದ್ದದ್ದು ನನಗೂ ಕೇಳಿಸಿತು.