14 ಕೋಟಿಯ ಹೂದಾನಿ

ನಮ್ಮ ಮನೆಯ ಜಗಳಕ್ಕೆ ಕಡ್ಡಿ ಗೀರಿದವನು ನಾನೇ. ಅದೂ ಒಂದು ಸುದ್ದಿ ಫಾರ್ವರ್ಡ್ ಮಾಡಿ.

2022ರ ಮೇ ತಿಂಗಳು. ಇಂಗ್ಲೆಂಡಿನಲ್ಲಿ ಒಬ್ಬರ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದ ಚೀನಾದ ಪಿಂಗಾಣಿ ಹೂದಾನಿಯೊಂದು ಹರಾಜಿನಲ್ಲಿ ಸುಮಾರು 14.5 ಲಕ್ಷ ಪೌಂಡಿಗೆ ಹೋಗಿತ್ತು. ನಮ್ಮ ದುಡ್ಡಿನಲ್ಲಿ 14 ಕೋಟಿ! ಕಡುನೀಲಿ ಮೈ, ಮೇಲೆ ಚಿನ್ನ, ಬೆಳ್ಳಿಯಲ್ಲಿ ಬರೆದ ಕೊಕ್ಕರೆ, ಬಾವಲಿಗಳು, ಅಡಿಯಲ್ಲಿ 18ನೇ ಶತಮಾನದ ಚಕ್ರವರ್ತಿ ಚಿಯಾನ್‌ಲಾಂಗ್‌ನ ಆರಕ್ಷರದ ಮುದ್ರೆ. "ನಮ್ಮಜ್ಜಿ ಮನೇಲೂ ಇಂಥದ್ದೊಂದು ಐತಲ್ಲ!" ಅಂತ ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಕಳಿಸಿದೆ. ತಮಾಷೆಗೆ.

ಇತ್ತು, ನಿಜ. ಸಿರುಗುಪ್ಪದ ಮನೆಯಲ್ಲಿ, ದೇವರಕೋಣೆ ಪಕ್ಕದ ಗೂಡಿನಲ್ಲಿ. ತಾತ ಮುಂಬಯಿಗೆ ಹೋದಾಗ ತಂದದ್ದಂತೆ. ನೀಲಿ ಬಣ್ಣ, ಚಿನ್ನದ ಬಳ್ಳಿ, ಅಡಿಯಲ್ಲಿ ಚೀನಿ ಅಕ್ಷರ. ಅಜ್ಜಿ ಅದರಲ್ಲಿ ನವಿಲುಗರಿ ಸಿಕ್ಕಿಸಿ, ಒಳಗೆ ದುಡ್ಡು ಬಚ್ಚಿಡುತ್ತಿದ್ದಳು. ರಜೆ ಮುಗಿಸಿ ನಾವು ಬಳ್ಳಾರಿಗೆ ಹೊರಟಾಗ ಅದನ್ನು ದಬ್ಬು ಹಾಕಿ, ಬಿದ್ದ ನೋಟನ್ನು ಕೈಗಿಡುತ್ತಿದ್ದಳು.

ವಾರದೊಳಗೆ ದೊಡ್ಡಪ್ಪ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕುರುಗೋಡಿನಿಂದ ಅತ್ತೆ ಫೋನ್ ಮಾಡಿದರು: "ಅವ್ವ ಅದನ್ನ ನನ್ ಮದುವೆಗೇ ಕೊಡ್ತೀನಿ ಅಂದಿದ್ಲು." ಎಂದೂ ಪಾಲಿನ ಮಾತೆತ್ತದ ಅಪ್ಪ, "ಅಪ್ಪಂದು ಅಂದ್ಮೇಲೆ ಮೂರು ಪಾಲು" ಅಂದರು. ಲಂಡನ್ನಿನಲ್ಲಿ ಮಾರೋಣ ಅಂದರು ದೊಡ್ಡಪ್ಪ. ನೂರು ವರ್ಷ ದಾಟಿದ ವಸ್ತುವನ್ನು ನಾವು ಹೊರದೇಶಕ್ಕೆ ಕಳಿಸುವ ಹಾಗಿಲ್ಲ, 1972ರ ಕಾಯ್ದೆ ಇದೆ ಅಂತ ನಾನಂದರೆ, "ನಿಂಗೇನ್ ಗೊತ್ತು" ಅಂತ ಬಾಯಿ ಮುಚ್ಚಿಸಿದರು. ಮುಂದಿನ ವರ್ಷ ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ನಾವು ಹೋಗಲಿಲ್ಲ. ನನಗೆ ನೆನಪಿದ್ದಂತೆ ಅದೇ ಮೊದಲು.

ನಾನು ಸಾಫ್ಟ್‌ವೇರ್‌ನವನು. ನಾನೇ ಮಾಡಿದ ತಪ್ಪನ್ನು ನಾನೇ ಸರಿಮಾಡಬೇಕು. ಓದತೊಡಗಿದೆ. ಪಿಂಗಾಣಿಯನ್ನು ಮೊದಲು ಸುಮಾರು 1300 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಚಿನ್ನವನ್ನು ಆಮೇಲೆ ಮೇಲ್ಮೈಗೆ ಬಳಿದು, ಕಡಿಮೆ ಶಾಖದಲ್ಲಿ ಮತ್ತೆ ಸುಡುತ್ತಾರೆ. ಅದಕ್ಕೇ ಕೈ ತಾಗಿ ತಾಗಿ ಚಿನ್ನ ಸವೆಯುತ್ತದೆ. ಚಿಯಾನ್‌ಲಾಂಗ್‌ನ ಮುದ್ರೆಯನ್ನಂತೂ ಆಮೇಲಿನವರು ಬೇಕಾದಷ್ಟು ನಕಲು ಮಾಡಿದ್ದಾರೆ. ಮುದ್ರೆ ಇದ್ದ ಮಾತ್ರಕ್ಕೆ ಅರಮನೆಯದ್ದಾಗುವುದಿಲ್ಲ.

ಅಸಲಿ ಹಳೇ ಪಿಂಗಾಣಿ ಹೇಗಿರುತ್ತೆ ನೋಡೋಣ ಅಂತ ಕಮಲಾಪುರದ ಮ್ಯೂಸಿಯಂಗೆ ಹೋದೆ. 2021ರಲ್ಲಿ ನಮ್ಮ ಬಳ್ಳಾರಿಯಿಂದ ಪಾಲಾಗಿ ಹೋದ ವಿಜಯನಗರ ಜಿಲ್ಲೆ ಅದು. ಹಂಪಿಯಲ್ಲಿ ಅಗೆದಾಗ ಚೀನಾ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಸಮುದ್ರ ದಾಟಿ, ಪಡುವಣ ಕರಾವಳಿಗೆ ಬಂದು, ಘಟ್ಟ ಹತ್ತಿ ತುಂಗಭದ್ರೆಯ ದಂಡೆಗೆ ಬಂದ ಸಾಮಾನು. ಯಾರ ಮನೆಯ ಬಟ್ಟಲೋ, ಯಾರು ಉಂಡರೋ! ಪಾಲು ಕೇಳುವವರು ಯಾರೂ ಉಳಿದಿಲ್ಲ. ಚೂರುಗಳಷ್ಟೇ ಉಳಿದಿವೆ. ಆ ಗಾಜಿನ ಮುಂದೆ ತುಂಬ ಹೊತ್ತು ನಿಂತಿದ್ದೆ.

ಕೊನೆಗೆ ದೊಡ್ಡಪ್ಪನನ್ನು ಒಪ್ಪಿಸಿ ಹೂದಾನಿಯನ್ನು ಬೆಂಗಳೂರಿಗೆ ಒಯ್ದೆ. ಹಳೇ ಪಿಂಗಾಣಿ ಬಲ್ಲವರೊಬ್ಬರು ಭೂತಗನ್ನಡಿ ಹಿಡಿದು ಐದೇ ನಿಮಿಷ ನೋಡಿದರು. "ಬಳ್ಳಿ ಕೈಯಲ್ಲಿ ಬರೆದದ್ದಲ್ಲ, ಅಚ್ಚು ಒತ್ತಿದ್ದು. ಎಲೆಗಳೆಲ್ಲ ಒಂದೇ ಥರ ಇವೆ ನೋಡಿ. ಕಾರ್ಖಾನೆಯ ಮಾಲು. ಎರಡು ಮೂರು ಸಾವಿರ ಬಂದೀತು."

ನನಗೆ ನಿರಾಳವಾಯಿತು. ಸಿರುಗುಪ್ಪಕ್ಕೆ ಹೋಗಿ ಹೇಳಿದರೆ, ದೊಡ್ಡಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಅಂದರು: "ಇದು ನಮ್ದೇ ಹೌದಾ? ಬೆಂಗಳೂರಾಗ ಬದಲಿ ಮಾಡ್ಕೊಂಡು ಬಂದಿಲ್ಲ ತಾನೆ?"

ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೇರು ತೋರಿಸಿದ ದೊಡ್ಡಪ್ಪ! ನನಗೆ ಮಾತೇ ಹೊರಡಲಿಲ್ಲ.

ಅಜ್ಜಿಗೆ ಕಣ್ಣು ಮಂಜು. "ಇಲ್ಲಿ ಕೊಡ್ರಿ" ಅಂತ ಹೂದಾನಿ ಇಸಿದುಕೊಂಡು, ಬುಡವನ್ನು ಬೆರಳಲ್ಲಿ ತಡವಿದಳು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಸಣ್ಣ ಚಕ್ಕೆ ಎದ್ದಿತ್ತು. ದೊಡ್ಡಪ್ಪನ ಕೈ ಎಳೆದು ಅಲ್ಲಿಟ್ಟಳು.

"ನೀನು ಸಣ್ಣಾವಿದ್ದಾಗ ಚೆಂಡು ಒಗೆದು ಬೀಳಿಸಿದ್ದು. ನಿಮ್ಮಪ್ಪ ಹೊಡಿತಾನಂತ ನಾನೇ ಬೀಳಿಸಿದೆ ಅಂದಿದ್ದೆ. ಇದನ್ನೂ ಹುಡುಗ ಬೆಂಗಳೂರಾಗ ಮಾಡಿಸ್ಕೊಂಡು ಬಂದಾನೇನು?"

ದೊಡ್ಡಪ್ಪ ತಲೆ ಬಗ್ಗಿಸಿದರು. ಬಹಳ ಹೊತ್ತು ಅಲ್ಲಿಂದ ಬೆರಳು ತೆಗೆಯಲಿಲ್ಲ. ಆಮೇಲೆ ಫೋನ್ ತೆಗೆದು ಕುರುಗೋಡಿಗೆ ಹಚ್ಚಿ, "ಈ ಸಲ ತೇರಿಗೆ ಎಲ್ಲಾರೂ ಬರ್ತೀವಿ" ಅಂದರು.

ಹೋದೆವು. ಅತ್ತೆ ಹೋಳಿಗೆ ಮಾಡಿದ್ದರು. ಹೂದಾನಿಯ ಸುದ್ದಿ ಯಾರೂ ಎತ್ತಲಿಲ್ಲ. ಅದೀಗ ಮತ್ತೆ ಗೂಡಿನಲ್ಲಿದೆ, ನವಿಲುಗರಿ ಸಮೇತ. ಹೋದ ಸಲ ನಾನು ಹೊರಟಾಗ ಅಜ್ಜಿ ಅದನ್ನು ದಬ್ಬು ಹಾಕಿದಳು. ನೂರರ ನೋಟೊಂದು ಬಿತ್ತು. ಬೇಡ ಅನ್ನಲಿಲ್ಲ, ಇಸಿದುಕೊಂಡೆ.