ಶುಶ್ರೂಷೆಯ ಪಾಠ

ಹಾಸಿಗೆ ಹಿಡಿದ ಅಜ್ಜನೋ ಅಜ್ಜಿಯೋ ಇರುವ ಮನೆಯನ್ನು ನೀವು ನೋಡಿರುತ್ತೀರಿ. ಅದು ನಿಮ್ಮದೇ ಮನೆಯೂ ಆಗಿರಬಹುದು. ಅಲ್ಲಿ ಬೆಳಕು ಹರಿಯುವ ಮೊದಲೇ ಯಾರೋ ಒಬ್ಬರು ಎದ್ದು ಬಿಸಿನೀರು ಕಾಯಿಸುತ್ತಾರೆ, ಮೈ ಒರೆಸುತ್ತಾರೆ, ಬಟ್ಟೆ ಬದಲಿಸುತ್ತಾರೆ, ಗಂಜಿ ಉಣಿಸುತ್ತಾರೆ. ಹೆಚ್ಚಿನ ಮನೆಗಳಲ್ಲಿ ಆ ಒಬ್ಬರು ಎಂದರೆ ಮನೆಯ ಹೆಂಗಸು. ಮನೆಯಲ್ಲಿ ಜನವಿಲ್ಲದಿದ್ದರೆ ಸಂಬಳ ಕೊಟ್ಟು ಕರೆತಂದ ಹೋಂ ನರ್ಸ್. ಈ ಕೆಲಸವನ್ನು ನಾವು ಕಷ್ಟದ ಕೆಲಸ ಎನ್ನುತ್ತೇವೆ, ಪುಣ್ಯದ ಕೆಲಸ ಎಂದೂ ಹೇಳುತ್ತೇವೆ. ಕಲಿಯಬೇಕಾದ ಕೆಲಸ ಎನ್ನುವವರು ಕಡಮೆ. ಆ ಕಲಿಕೆಯ ವಿಚಾರವನ್ನೇ ನಾನು ನಿಮಗೆ ಹೇಳಬೇಕೆಂದಿದ್ದೇನೆ.

ನಾನು ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಶಾಲೆಯೊಂದರಲ್ಲಿ ಕನ್ನಡ ಕಲಿಸುವವನು. ಐವತ್ತೆರಡನೆಯ ವಯಸ್ಸಿನಲ್ಲಿ, ನಮ್ಮ ಪಂಚಾಯತಿನಲ್ಲಿ ನಡೆದ ಪಾಲಿಯೇಟಿವ್ ಸ್ವಯಂಸೇವಕರ ತರಬೇತಿಗೆ ಹೆಸರು ಕೊಟ್ಟೆ. ಕೇರಳದಲ್ಲಿ ಈ ಕೆಲಸಕ್ಕೆ ಒಂದು ಚರಿತ್ರೆಯೇ ಇದೆ. ಗುಣವಾಗದ ಕಾಯಿಲೆಯವರ ನೋವನ್ನಾದರೂ ಇಳಿಸಬೇಕೆಂದು 1993ರಲ್ಲಿ ಕೋಝಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಒಂದು ಸಂಸ್ಥೆಯನ್ನು ಕಟ್ಟಿದರು. ಮುಂದೆ ಮಲಪ್ಪುರಂ ಮೊದಲಾದ ಕಡೆ ನೆರೆಹೊರೆಯವರೇ ತರಬೇತಿ ಪಡೆದು ರೋಗಿಗಳ ಮನೆಗಳಿಗೆ ಹೋಗತೊಡಗಿದರು. 2008ರಲ್ಲಿ ರಾಜ್ಯ ಸರಕಾರ ಇದಕ್ಕಾಗಿ ಒಂದು ನೀತಿಯನ್ನು ಪ್ರಕಟಿಸಿತು. ಭಾರತದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. ಅಲ್ಲಿಂದ ಪಂಚಾಯತುಗಳ ದಾದಿಯರು ಚೀಲ ಹಿಡಿದುಕೊಂಡು ಮನೆಮನೆಗೆ ಬರುವುದು ವಾಡಿಕೆಯಾಯಿತು.

ನಮಗೆ ಸಿಕ್ಕಿದ್ದು 16 ಗಂಟೆಗಳ ಪಾಠ, ಆಮೇಲೆ ನಾಲ್ಕು ದಿನ ದಾದಿಯ ಜತೆಗೆ ಮನೆ ಭೇಟಿ. ತರಗತಿಯಲ್ಲಿ ರಿಕ್ಷಾ ಓಡಿಸುವವರಿದ್ದರು, ಕುಟುಂಬಶ್ರೀಯ ಹೆಂಗಸರಿದ್ದರು, ನಿವೃತ್ತರಾದ ಬ್ಯಾಂಕಿನವರೊಬ್ಬರಿದ್ದರು. ಕೈಕೆಲಸವನ್ನು ತೋರಿಸಿಕೊಡಲು ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ. ಹನ್ನೊಂದು ವರ್ಷ ಹೋಂ ನರ್ಸ್ ಆಗಿ ದುಡಿದವಳು. ಪ್ಲಸ್ ಟು ಮುಗಿಸಿದಾಗ ನರ್ಸಿಂಗ್ ಕಲಿಯಬೇಕೆಂಬ ಆಸೆ ಅವಳಿಗಿತ್ತು. ಜನರಲ್ ನರ್ಸಿಂಗ್ ಎಂದರೆ ಮೂರು ವರ್ಷ, ಬಿ.ಎಸ್ಸಿ. ಎಂದರೆ ನಾಲ್ಕು ವರ್ಷ. ಅಷ್ಟು ಕಾಲ ಫೀಸು ಕಟ್ಟುವ ಶಕ್ತಿ ಮನೆಯಲ್ಲಿರಲಿಲ್ಲ. ಒಂದು ಏಜೆನ್ಸಿಗೆ ಸೇರಿದಳು. ಕೆಲವು ವಾರ ಕಲಿಸಿ ಕಳುಹಿಸಿದರು. ಮಂಗಳೂರು, ಎರ್ನಾಕುಳಂ ಎಂದು ಮನೆಯಿಂದ ಮನೆಗೆ ಹೋದಳು. ಹೋಂ ನರ್ಸ್ ಎಂಬ ಹೆಸರಿನಲ್ಲಿ ನರ್ಸ್ ಎಂಬ ಮಾತಿದ್ದರೂ ಅವಳು ನರ್ಸ್ ಅಲ್ಲ. ಇಂಜೆಕ್ಷನ್ ಕೊಡುವುದು, ಮದ್ದಿನ ಪ್ರಮಾಣ ಬದಲಿಸುವುದು ಅವಳ ಕೆಲಸವಲ್ಲ. 'ಕೆಲವು ಮನೆಯವರು ಅದನ್ನೂ ಮಾಡು ಎನ್ನುತ್ತಾರೆ. ಆಗ ಆಗುವುದಿಲ್ಲ ಎಂದು ಹೇಳಲು ಕಲಿಯುವುದೇ ಮೊದಲ ಪಾಠ' ಎಂದು ಅವಳು ನಮಗೆ ಹೇಳಿದಳು.

ಎರಡನೆಯ ಪಾಠ ಮಗ್ಗುಲು ಬದಲಿಸುವುದು. ಕೇಳಲು ಎಷ್ಟು ಸಣ್ಣ ವಿಷಯ! ಮಲಗಿದಲ್ಲೇ ಮಲಗಿರುವವರ ಎಲುಬಿಗೂ ಹಾಸಿಗೆಗೂ ನಡುವೆ ಚರ್ಮ ಒತ್ತಿಹೋಗುತ್ತದೆ. ಅಲ್ಲಿ ರಕ್ತ ಹರಿಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ಚರ್ಮ ಸಾಯಲು ತೊಡಗುತ್ತದೆ. ಬೆನ್ನಿನ ಬುಡ, ಸೊಂಟದ ಎರಡು ಬದಿ, ಹಿಮ್ಮಡಿ, ಹೆಗಲಿನ ಹಿಂಭಾಗ, ತಲೆಯ ಹಿಂಭಾಗ, ಇವು ಹುಣ್ಣಾಗುವ ಜಾಗಗಳು. ಆದ್ದರಿಂದ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಾಸಿದ ಬಟ್ಟೆಯಲ್ಲಿ ಒಂದು ಸುಕ್ಕು ಕೂಡ ಇರಬಾರದು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ನೋಡಬೇಕು. ಒತ್ತಿದಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಹೆದರಬೇಕಾಗಿಲ್ಲ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಒಳಗೆ ಹುಣ್ಣು ಶುರುವಾಗಿದೆ ಎಂದು ಅರ್ಥ. ನಮ್ಮಂತಹ ಕಪ್ಪು ಮೈಯವರಲ್ಲಿ ಕೆಂಪು ಸರಿಯಾಗಿ ಕಾಣಿಸದು. ಆಗ ಕೈಯಿಂದಲೇ ತಿಳಿಯಬೇಕು. ಸುತ್ತಲಿನ ಚರ್ಮಕ್ಕಿಂತ ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಎಣ್ಣೆ ಹಚ್ಚಿ ತಿಕ್ಕಿದರೆ ಸರಿಹೋದೀತು ಎಂದು ನಮ್ಮ ಮನೆಗಳಲ್ಲಿ ನಂಬಿಕೆಯಿದೆ. ಕೆಂಪಾದ ಜಾಗವನ್ನು ತಿಕ್ಕಲೇಬಾರದು. ಒಳಗೆ ಒಡೆದಿರುವ ಸಣ್ಣ ರಕ್ತನಾಳಗಳು ಇನ್ನಷ್ಟು ಒಡೆಯುತ್ತವೆ.

ಅವಳು ತರಗತಿಯ ಬೆಂಚುಗಳನ್ನು ಜೋಡಿಸಿ ಮಂಚ ಮಾಡಿಸಿ ಬ್ಯಾಂಕಿನವರನ್ನು ಅದರ ಮೇಲೆ ಮಲಗಿಸಿದಳು. ಅವರನ್ನು ಮೇಲಕ್ಕೆ ಸರಿಸಲು ರಿಕ್ಷಾದವರು ತೋಳುಗಳ ಕೆಳಗೆ ಕೈಹಾಕಿ ಎಳೆದರು. 'ಎಳೆಯಬೇಡಿ ಅಣ್ಣಾ' ಎಂದು ತಡೆದಳು. ಎಳೆದರೆ ಚರ್ಮ ಹಾಸಿಗೆಗೆ ಅಂಟಿ ನಿಲ್ಲುತ್ತದೆ, ಒಳಗಿನ ಎಲುಬು ಮಾತ್ರ ಸರಿಯುತ್ತದೆ. ಮಧ್ಯದಲ್ಲಿ ಮಾಂಸ ಹರಿಯುತ್ತದೆ. ಹೆಗಲಿನಿಂದ ತೊಡೆಯವರೆಗೆ ಅಡ್ಡವಾಗಿ ಒಂದು ಬಟ್ಟೆ ಹಾಸಿ, ಎರಡು ಬದಿಯಲ್ಲಿ ಇಬ್ಬರು ನಿಂತು, ಆ ಬಟ್ಟೆಯನ್ನೇ ಹಿಡಿದು ಎತ್ತಿ ಸರಿಸಬೇಕು. ಬಗ್ಗಬೇಕಾದದ್ದು ಮೊಣಕಾಲು, ಬೆನ್ನಲ್ಲ. ಎತ್ತುವವರ ಬೆನ್ನು ಮುರಿದರೆ ಮನೆಯಲ್ಲಿ ಹಾಸಿಗೆ ಹಿಡಿಯುವವರು ಇಬ್ಬರಾಗುತ್ತಾರೆ ಎಂದು ಅವಳು ಹೇಳಿದಾಗ ಎಲ್ಲರೂ ನಕ್ಕರು. ಮಲಗಿದ್ದ ಬ್ಯಾಂಕಿನವರು ಮಾತ್ರ ನಗಲಿಲ್ಲ. ಎದ್ದು ಕುಳಿತ ಮೇಲೆ ಅವರೆಂದರು, 'ನಾಲ್ಕು ಜನ ನನ್ನ ತಲೆಯ ಮೇಲಿನಿಂದ ಮಾತಾಡುತ್ತಿದ್ದಿರಿ. ಏನು ಮಾಡುತ್ತೀರಿ ಎಂದು ನನಗೆ ಒಬ್ಬರೂ ಹೇಳಲಿಲ್ಲ.' ಮುಟ್ಟುವ ಮೊದಲು ಹೇಳಿ ಮುಟ್ಟಬೇಕು ಎಂಬ ನಿಯಮ ಅವಳ ಪಾಠದಲ್ಲಿ ಮುಂದೆ ಬರುವುದಿತ್ತು. ಅಷ್ಟರಲ್ಲಿ ಬೆಂಚಿನ ಮೇಲಿದ್ದವರೇ ಅದನ್ನು ಕಲಿಸಿಬಿಟ್ಟರು.

ಇನ್ನು ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಪಕ್ಷವಾತವಾದವರಿಗೆ ಅಂಗಿ ತೊಡಿಸುವಾಗ ಸ್ವಾಧೀನವಿಲ್ಲದ ಕೈಯನ್ನು ಮೊದಲು ತೂರಿಸಬೇಕು, ಬಿಚ್ಚುವಾಗ ಅದನ್ನು ಕೊನೆಗೆ. ಮಲಗಿಸಿ ಉಣಿಸಬಾರದು. ಸಾಧ್ಯವಾದಷ್ಟು ನೆಟ್ಟಗೆ ಕುಳ್ಳಿರಿಸಿ, ಗಲ್ಲ ಸ್ವಲ್ಪ ಕೆಳಗೆ ಮಾಡಿಸಿ, ಸಣ್ಣ ಚಮಚದಲ್ಲಿ ಕೊಡಬೇಕು. ಉಂಡ ಬಳಿಕವೂ ಅರ್ಧ ಗಂಟೆ ಹಾಗೆಯೇ ಕುಳಿತಿರಲಿ. ಮೈ ಒರೆಸುವಾಗ ಮುಖದಿಂದ ಆರಂಭಿಸಬೇಕು. ಒರೆಸುತ್ತಿರುವ ಭಾಗವನ್ನು ಬಿಟ್ಟು ಉಳಿದುದೆಲ್ಲ ಬೈರಾಸಿನಿಂದ ಮುಚ್ಚಿರಬೇಕು. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಹುಣ್ಣು ಕಟ್ಟುವ ಬಟ್ಟೆಯನ್ನು ಪೇಟೆಯಿಂದಲೇ ತರಬೇಕೆಂದಿಲ್ಲ. ಹಳೆಯ ಹತ್ತಿಯ ಮುಂಡನ್ನು ಒಗೆದು, ತುಂಡುಮಾಡಿ, ಪಾತ್ರೆಯಲ್ಲಿಟ್ಟು ಕುಕ್ಕರಿನಲ್ಲಿ ಆವಿ ಬರಿಸಿದರೆ ಸಾಕು. ತೊಳೆಯುವ ನೀರಿಗೆ ಅರ್ಧ ಲೀಟರು ಕುದಿಸಿದ ನೀರು, ಒಂದು ಟೀ ಚಮಚ ಉಪ್ಪು.

ಇದೆಲ್ಲ ಕೈಯಿಂದ ಮಾಡುವ ಕೆಲಸ. ನನ್ನಂತಹ ಕನ್ನಡದ ಮಾಷ್ಟ್ರಿಗೆ ಅಲ್ಲಿ ಬೇರೆ ಏನು ಕೆಲಸವಿದ್ದೀತು ಎಂದು ನೀವು ಕೇಳಬಹುದು. ಮನೆ ಭೇಟಿಗಳು ಶುರುವಾದ ಮೇಲೆ ಅದು ತಿಳಿಯಿತು. ನಮ್ಮ ತಂಡದ ದಾದಿ ಜಿಲ್ಲೆಯ ದಕ್ಷಿಣ ಭಾಗದವರು. ನಾವೆಲ್ಲ ಅವರನ್ನು ಸಿಸ್ಟರ್ ಎಂದೇ ಕರೆಯುವುದು. ಕೆಲಸದಲ್ಲಿ ಬಹಳ ಚುರುಕು, ಮಾತು ಮಲಯಾಳ. ಗಡಿಗೆ ಹತ್ತಿರದ ಗುಡ್ಡದ ಮನೆಯೊಂದರಲ್ಲಿ ಎಂಬತ್ತೈದು ದಾಟಿದ ಅಜ್ಜನೊಬ್ಬರಿದ್ದರು. ಬೆನ್ನೆಲುಬಿಗೆ ಕ್ಯಾನ್ಸರ್ ಹರಡಿತ್ತು. ಅವರಿಗೆ ಬರುತ್ತಿದ್ದ ಮಲಯಾಳ ಅಡಿಕೆ ಮಾರಲು ಹೋದಾಗ ಬೇಕಾಗುವಷ್ಟು. ಸಿಸ್ಟರ್ ಏನು ಕೇಳಿದರೂ ಅವರ ಉತ್ತರ ಒಂದೇ: 'ವೇದನ.' ಸಿಸ್ಟರ್ ಪುಸ್ತಕದಲ್ಲಿ ಕಾಲುನೋವು ಎಂದು ಬರೆದುಕೊಳ್ಳುತ್ತಿದ್ದರು. ಮಾತ್ರೆ ನುಂಗಿದರೂ ರಾತ್ರಿ ನಿದ್ದೆಯಿಲ್ಲ.

ನಾನು ಹಾಸಿಗೆಯ ಬದಿಯಲ್ಲಿ ಕುಳಿತು ಕನ್ನಡದಲ್ಲಿ ಕೇಳಿದೆ: 'ಅಜ್ಜ, ಆ ನೋವು ಹೇಗಿರುತ್ತದೆ?'

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬಾಯಿ ತೆರೆದರು. 'ನೋವಲ್ಲ ಮಾಷ್ಟ್ರೇ, ಉರಿ. ಕಾಲಿಗೆ ಕೆಂಡ ಇಟ್ಟ ಹಾಗೆ. ನಡುವೆ ಒಮ್ಮೊಮ್ಮೆ ಸೊಂಟದಿಂದ ಬೆರಳಿನ ತುದಿಯವರೆಗೆ ಮಿಂಚು ಹೊಡೆಯುತ್ತದೆ. ಹೊದಿಕೆ ತಾಗಿದರೂ ಆಗುವುದಿಲ್ಲ.'

ನಾನು ಅದನ್ನು ಹಾಗೆಯೇ ಮಲಯಾಳದಲ್ಲಿ ಹೇಳಿದಾಗ ಸಿಸ್ಟರ್ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಉರಿ, ಮಿಂಚು, ಬಟ್ಟೆ ತಾಗಿದರೆ ಸಹಿಸಲಾಗದಿರುವುದು, ಇವು ನರಕ್ಕೆ ಪೆಟ್ಟಾದಾಗಿನ ನೋವಿನ ಗುರುತುಗಳು. ಅದಕ್ಕೆ ಬರಿಯ ನೋವಿನ ಮಾತ್ರೆ ಸಾಲದು, ಬೇರೆ ಬಗೆಯ ಮದ್ದೂ ಬೇಕು. ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದರು. ಹತ್ತರಲ್ಲಿ ನೋವು ಎಷ್ಟು ಎಂದು ಕೇಳಿ ಎಂದು ಡಾಕ್ಟರು ಹೇಳಿದರು. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾಗದ ನೋವು, ಇದು ಎಲ್ಲ ಕಡೆ ಕೇಳುವ ಲೆಕ್ಕ. ಅಜ್ಜ ಆಲೋಚಿಸಿ, 'ಹನ್ನೆರಡಾಣೆ' ಎಂದರು. ಹದಿನಾರಾಣೆಯ ರೂಪಾಯಿಯನ್ನು ಹತ್ತಕ್ಕೆ ಇಳಿಸಿ ಏಳೂವರೆ ಎಂದು ಹೇಳುವ ಕೆಲಸವೂ ನನ್ನದಾಯಿತು. ಮದ್ದು ಬದಲಾಗಿ ಒಂದು ವಾರದ ಮೇಲೆ ಹೋದಾಗ 'ನಾಲ್ಕಾಣೆ' ಎಂದರು. ಅವರ ಹೆಂಡತಿ ಒಳಗಿನಿಂದ, 'ಇವರು ನಿನ್ನೆ ಗೊರಕೆ ಹೊಡೆದರು' ಎಂದು ಸಂತೋಷದಿಂದ ದೂರು ಹೇಳಿದರು. ಆ ಅಜ್ಜ ಆಮೇಲೆ ಎರಡು ತಿಂಗಳು ಬದುಕಿದ್ದರು.

ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಎಂಬ ಮಹಿಳೆ ಮೊದಲು ದಾದಿಯಾಗಿದ್ದು, ಬಳಿಕ ಆಸ್ಪತ್ರೆಯಲ್ಲಿ ಸಮಾಜಸೇವಕಿಯಾಗಿ, ಕೊನೆಗೆ ವೈದ್ಯಶಾಸ್ತ್ರ ಓದಿ ಡಾಕ್ಟರಾದವರು. 1967ರಲ್ಲಿ ಅವರು ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆರೈಕೆ ಕೇಂದ್ರವನ್ನು ತೆರೆದರು. ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದೂ ಮನೆಯದೂ ಹೌದು, ಅದನ್ನು ತಿಳಿಯಬೇಕಾದರೆ ರೋಗಿಯ ಮಾತನ್ನು ಕೇಳಬೇಕು ಎಂಬುದು ಅವರ ಮುಖ್ಯ ವಿಚಾರ. ಅದನ್ನು ಓದಿದಾಗ ನನಗೆ ನಮ್ಮದೇ ಒಂದು ಪದ ನೆನಪಾಯಿತು. 'ಶುಶ್ರೂಷೆ' ಎಂದರೆ ರೋಗಿಯ ಸೇವೆ ಎಂದು ನಿಮಗೆ ಗೊತ್ತು. ಅದು ಸಂಸ್ಕೃತದ 'ಶ್ರು' ಎಂಬ ಧಾತುವಿನಿಂದ ಬಂದುದು. ಶ್ರವಣ, ಶ್ರುತಿ ಎಂಬ ಪದಗಳ ಮೂಲವೂ ಅದೇ. ಶುಶ್ರೂಷೆಯ ಮೂಲ ಅರ್ಥ, ಕೇಳಬೇಕೆಂಬ ಇಚ್ಛೆ. ಪಾಲಿಯೇಟಿವ್ ಎಂಬುದಕ್ಕೆ ಕನ್ನಡದಲ್ಲಿ ಏನು ಹೇಳೋಣ ಎಂದು ನಮ್ಮ ಪಠ್ಯಪುಸ್ತಕ ಸಮಿತಿಯಲ್ಲಿ ಒಂದು ಮಧ್ಯಾಹ್ನವೆಲ್ಲ ಚರ್ಚೆ ನಡೆಯಿತು. ಸಾಂತ್ವನ ಎಂದರು ಒಬ್ಬರು, ಉಪಶಮನ ಎಂದರು ಇನ್ನೊಬ್ಬರು. ನಾನು ಶುಶ್ರೂಷೆಯ ಪಕ್ಷ ಹಿಡಿದೆ. ತೀರ್ಮಾನವಾಗಲಿಲ್ಲ. ಚಹಾ ಬಂತು.

ಆದರೆ ಹೆಸರಿಗಿಂತ ದೊಡ್ಡ ಪ್ರಶ್ನೆ ಒಂದಿದೆ. ನಮ್ಮ ಜಿಲ್ಲೆಯಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಸಂಗತಿ ನಿಮಗೆ ಗೊತ್ತಿದೆ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. ಎಣ್ಮಕಜೆಯಂತಹ ಪಂಚಾಯತುಗಳ ಮನೆಗಳಲ್ಲಿ ಮೂವತ್ತು ವರ್ಷ ದಾಟಿದ ಮಕ್ಕಳನ್ನು ಈಗಲೂ ತಾಯಂದಿರೇ ಎತ್ತಿ ಸ್ನಾನ ಮಾಡಿಸುತ್ತಾರೆ. ಆ ತಾಯಂದಿರಿಗೆ ಈಗ ಅರುವತ್ತು ಎಪ್ಪತ್ತು ವಯಸ್ಸು. ನಮ್ಮ 16 ಗಂಟೆಯ ಪಾಠದಲ್ಲಿದ್ದುದನ್ನೆಲ್ಲ ಅವರು ಯಾರೂ ಹೇಳಿಕೊಡದೆ ತಮ್ಮ ಬೆನ್ನು ಸವೆಸಿಕೊಂಡು ಕಲಿತವರು. ರೋಗಿಯನ್ನು ಬಿಟ್ಟು ದುಡಿಯಲು ಹೋಗಲಾಗದ ಇಂಥವರಿಗಾಗಿ ಸರಕಾರ ಆಶ್ವಾಸಕಿರಣಂ ಎಂಬ ಯೋಜನೆಯನ್ನು ತಂದು ತಿಂಗಳಿಗೆ 600 ರೂಪಾಯಿ ನಿಗದಿ ಮಾಡಿತು. ದಿನಕ್ಕೆ ಇಪ್ಪತ್ತು ರೂಪಾಯಿ. ಈ ಕೆಲಸಕ್ಕೆ ಒಂದು ಬೆಲೆಯಿದೆ ಎಂದು ಕಾಗದದಲ್ಲಿ ಬರೆದದ್ದು ದೊಡ್ಡ ವಿಷಯವೇ. ಬೆಲೆ ಎಷ್ಟು ಎಂಬುದನ್ನು ನೀವೇ ಲೆಕ್ಕ ಹಾಕಿ ನೋಡಿ.

ಸಂಬಳಕ್ಕೆ ದುಡಿಯುವವರ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ನನ್ನ ವಿದ್ಯಾರ್ಥಿನಿಯ ಸಂಬಳದಲ್ಲಿ ಒಂದು ಪಾಲು ಏಜೆನ್ಸಿಗೆ ಹೋಗುತ್ತಿತ್ತು. ರೋಗಿಯ ಕೋಣೆಯಲ್ಲೇ ನೆಲದ ಮೇಲೆ ಮಲಗುತ್ತಿದ್ದಳು. ರಾತ್ರಿ ಎರಡು ಗಂಟೆಗೊಮ್ಮೆ ಏಳುವವಳಿಗೆ ಹಗಲಿನಲ್ಲಿ ಮಲಗುವ ಹೊತ್ತು ಯಾವುದೆಂದು ಯಾವ ಮನೆಯವರೂ ಗೊತ್ತುಮಾಡಿರಲಿಲ್ಲ. ಒಂದು ಮನೆಯಲ್ಲಿ ಅಜ್ಜಿ ತೀರಿಕೊಂಡ ದಿನ, ದಹನ ಮುಗಿಯುವ ಮೊದಲೇ, 'ಇನ್ನು ನೀನು ಹೊರಡಬಹುದು' ಎಂದರಂತೆ. ಎರಡು ವರ್ಷ ತಾನು ಮಗ್ಗುಲು ಬದಲಿಸಿದ ಅಜ್ಜಿಗಾಗಿ ಅವಳು ಅತ್ತದ್ದು ಬಸ್ಸಿನಲ್ಲಿ. ಆ ಅಜ್ಜಿಯ ಮೈಯಲ್ಲಿ ಒಂದೇ ಒಂದು ಹುಣ್ಣು ಇರಲಿಲ್ಲ ಎಂದು ಹೇಳುವಾಗ ಅವಳ ದನಿಯಲ್ಲಿದ್ದ ಹೆಮ್ಮೆಯನ್ನು ನಾನು ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದ ಮಕ್ಕಳಲ್ಲಿಯೂ ಕಂಡಿಲ್ಲ.

ಈಗ ಸಿಸ್ಟರ್ ಒಂದು ನೋಟುಪುಸ್ತಕ ಇಟ್ಟುಕೊಂಡಿದ್ದಾರೆ. ನಮ್ಮ ಕಡೆಯ ಜನ ನೋವಿಗೆ ಹೇಳುವ ಮಾತುಗಳನ್ನು ನಾನು ಹೇಳುತ್ತೇನೆ, ಅವರು ಮಲಯಾಳ ಲಿಪಿಯಲ್ಲಿ ಬರೆದುಕೊಳ್ಳುತ್ತಾರೆ. ಉರಿ, ಸೆಳೆತ, ಚುಚ್ಚು, ಜೋಮು, ಹಿಂಡಿದ ಹಾಗೆ, ಇರುವೆ ಹರಿದ ಹಾಗೆ. ಪಕ್ಕದಲ್ಲಿ ತುಳುವಿಗೆ ಒಂದು ಸಾಲು ಬಿಟ್ಟಿದ್ದಾರೆ, ಅದರಲ್ಲಿ ಇನ್ನೂ ಹೆಚ್ಚು ತುಂಬಿಲ್ಲ. ನಿಮ್ಮ ಮನೆಯಲ್ಲಿ ಅಜ್ಜಿಯೋ ಅಜ್ಜನೋ ಇದ್ದರೆ ಸಂಜೆ ಹೊತ್ತು ಹತ್ತಿರ ಕುಳಿತು ಕೇಳಿ. ಅವರು ಹೇಳಿದ ಮಾತನ್ನು ಅವರು ಹೇಳಿದ ಹಾಗೆಯೇ ಬರೆದು ನಿಮ್ಮ ಪಂಚಾಯತಿನ ದಾದಿಗೆ ಕೊಡಿ.