ನಾಗವಲ್ಲಿಯ ಕೋಣೆ ಹುಡುಕಿಕೊಂಡು ಪದ್ಮನಾಭಪುರಕ್ಕೆ

ತಿರುವನಂತಪುರದಿಂದ ಕನ್ಯಾಕುಮಾರಿಯ ಕಡೆಗೆ ಹೊರಟ ಬಸ್ಸು ಎರಡು ಗಂಟೆಯ ಸುಮಾರಿಗೆ ತಕ್ಕಲೆ ಎಂಬ ಪೇಟೆಯನ್ನು ಮುಟ್ಟುತ್ತದೆ. ಅಷ್ಟರಲ್ಲಿ ರಾಜ್ಯ ಬದಲಾಗಿರುತ್ತದೆ. ಅಂಗಡಿಗಳ ಬೋರ್ಡುಗಳು ಮಲಯಾಳದಿಂದ ತಮಿಳಿಗೆ ತಿರುಗಿರುತ್ತವೆ. ಪೇಟೆಯಿಂದ ಎರಡು ಕಿಲೋಮೀಟರ್ ಒಳಗೆ ಹೋದರೆ ಕಲ್ಲಿನ ಹಳೆಯ ಕೋಟೆ, ಅದರೊಳಗೆ ಒಂದಕ್ಕೊಂದು ಒತ್ತಿಕೊಂಡು ನಿಂತ ಹೆಂಚಿನ ಮಾಡುಗಳು. ಅದೇ ಪದ್ಮನಾಭಪುರ ಅರಮನೆ. ನೆಲ ತಮಿಳುನಾಡಿನದು, ಮನೆ ಕೇರಳದ್ದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕನ್ಯಾಕುಮಾರಿ ಜಿಲ್ಲೆ ಆಗಿನ ಮದರಾಸು ರಾಜ್ಯಕ್ಕೆ ಸೇರಿತು. ಅರಮನೆಯ ಉಸ್ತುವಾರಿ ಮಾತ್ರ ಕೇರಳ ಸರಕಾರದ ಕೈಯಲ್ಲೇ ಉಳಿಯಿತು.

ಕನ್ಯಾಕುಮಾರಿಗೆ ಹೊರಟ ಕರ್ನಾಟಕದ ಶಾಲಾ ಪ್ರವಾಸದ ಬಸ್ಸುಗಳೂ ಇಲ್ಲಿ ಒಂದು ಗಂಟೆ ನಿಲ್ಲುವುದುಂಟು. ಮೇಷ್ಟರು ಮಾರ್ತಾಂಡವರ್ಮನ ಕಥೆ ಆರಂಭಿಸಿದರೆ ಮಕ್ಕಳ ಪ್ರಶ್ನೆಯೇ ಬೇರೆ. "ನಾಗವಲ್ಲಿಯ ಕೋಣೆ ಯಾವುದು ಸಾರ್?"

ಈ ಪ್ರಶ್ನೆಯ ಮೂಲ 1993ರ ಡಿಸೆಂಬರಿನಲ್ಲಿ ತೆರೆ ಕಂಡ 'ಮಣಿಚಿತ್ರತ್ತಾಳ್' ಎಂಬ ಮಲಯಾಳ ಚಿತ್ರ. ಮಧು ಮುಟ್ಟಂ ಬರೆದು, ಫಾಸಿಲ್ ನಿರ್ದೇಶಿಸಿದ ಈ ಚಿತ್ರದಲ್ಲಿ ಮೋಹನ್‌ಲಾಲ್, ಸುರೇಶ್ ಗೋಪಿ, ಶೋಭನಾ ಇದ್ದರು. ಶೋಭನಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಮಣಿಚಿತ್ರತ್ತಾಳ್ ಎಂದರೆ ಕೇರಳದ ಹಳೆಯ ಮನೆಗಳ ಕಲಾತ್ಮಕ ಕೆತ್ತನೆಯ ಬಾಗಿಲು ಬೀಗ. ಆ ಬೀಗ ಹಾಕಿದ ಕೋಣೆಯಿರುವ ಭಾಗವೇ ತೆಕ್ಕಿನಿ. ನಮ್ಮ ತೊಟ್ಟಿಮನೆಯಂಥ ನಾಲ್ಕು ಪಾರ್ಶ್ವಗಳ ಮನೆಯಲ್ಲಿ ದಕ್ಷಿಣದ ಪಾರ್ಶ್ವಕ್ಕೆ ಅಲ್ಲಿ ಆ ಹೆಸರು. ದಕ್ಷಿಣ ಯಮನ ದಿಕ್ಕೆಂಬುದು ನಮ್ಮ ಕಡೆಯ ಅಜ್ಜಿಯಂದಿರಿಗೂ ಗೊತ್ತು. ಕಥೆಗಾರರು ಕೋಣೆಯನ್ನು ಸುಮ್ಮನೆ ಆರಿಸಿಲ್ಲ.

ಪ್ರಶ್ನೆಗೆ ಉತ್ತರ ಮಾತ್ರ ಮಕ್ಕಳಿಗೆ ನಿರಾಸೆ ತರುವಂಥದು. ಚಿತ್ರದ ಆ ಮನೆ ಒಂದೇ ಕಡೆ ಇಲ್ಲ. ಹೊರಗಿನಿಂದ ಕಾಣುವ ಮನೆ ಎರ್ನಾಕುಳಂ ಬಳಿಯ ತೃಪ್ಪುಣಿತುರದ ಹಿಲ್ ಪ್ಯಾಲೆಸ್, ಕೊಚ್ಚಿ ಅರಸರು 1865ರಲ್ಲಿ ಕಟ್ಟಿಸಿದ್ದು. ಅಲ್ಲಿಂದ ಪದ್ಮನಾಭಪುರಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಎರಡೂ ಕಡೆ ಚಿತ್ರೀಕರಿಸಿ ಒಂದೇ ಮನೆಯೆಂದು ನಂಬಿಸಿದ್ದು ಸಿನಿಮಾದವರ ಕೈಚಳಕ. ಪದ್ಮನಾಭಪುರದಲ್ಲಿ 'ತೆಕ್ಕೆ ಕೊಟ್ಟಾರಂ' ಎಂಬ ದಕ್ಷಿಣದ ಅರಮನೆಯೇನೋ ಇದೆ. ಎದೆ ಗಟ್ಟಿ ಮಾಡಿಕೊಂಡು ಒಳಗೆ ಹೋದರೆ ಕಾಣುವುದು ಹಳೆಯ ಕಾಲದ ಪಾತ್ರೆ ಪಡಗಗಳು!

ಹಾಗಿದ್ದರೂ ಈ ಅರಮನೆಯೊಳಗೆ ಕಾಲಿಟ್ಟವರ ದನಿ ತಾನಾಗಿ ಇಳಿಯುತ್ತದೆ. ಇದರ ಮೊದಲ ಭಾಗಗಳು 1601ರ ಸುಮಾರಿನವು. ಮಾರ್ತಾಂಡವರ್ಮ ಹದಿನೆಂಟನೆಯ ಶತಮಾನದ ನಡುವೆ ಇದನ್ನು ವಿಸ್ತರಿಸಿ, 1750ರಲ್ಲಿ ರಾಜ್ಯವನ್ನೇ ಅನಂತಪದ್ಮನಾಭನಿಗೆ ಒಪ್ಪಿಸಿದ. 1795ರಲ್ಲಿ ರಾಜಧಾನಿ ತಿರುವನಂತಪುರಕ್ಕೆ ಹೋಯಿತು. ಮೈಸೂರು ಅರಮನೆಯನ್ನು ಕಂಡವರಿಗೆ ಇದು ಅರಮನೆಯೆಂದೇ ಅನ್ನಿಸಲಾರದು. ಕಮಾನಿಲ್ಲ, ಗುಮ್ಮಟವಿಲ್ಲ, ಎಲ್ಲ ಮರ. ಮಂತ್ರಶಾಲೆಯ ಕಿಟಕಿಗಳಿಗೆ ಬಣ್ಣದ ಅಭ್ರಕದ ಹಾಳೆ. ಬಿಸಿಲೂ ಧೂಳೂ ಹೊರಗೇ ನಿಲ್ಲುತ್ತವೆ, ಒಳಗೆ ನಡುಹಗಲಲ್ಲೂ ಮಬ್ಬು, ತಂಪು. ನೆಲವೋ ಕಪ್ಪು ಕನ್ನಡಿ. ಸುಟ್ಟ ತೆಂಗಿನ ಕರಟದ ಮಸಿ, ಸುಣ್ಣ, ಮೊಟ್ಟೆಯ ಬಿಳಿಭಾಗ ಬೆರೆಸಿ ತಿಕ್ಕಿ ಹೊಳಪು ತಂದ ಗಾರೆಯದು. ನಡೆಯುವವನ ನೆರಳು ಕಾಲ ಕೆಳಗಿನಿಂದ ಅವನನ್ನೇ ನೋಡುತ್ತಿರುತ್ತದೆ.

ನವರಾತ್ರಿ ಮಂಟಪದಲ್ಲಿ ಇನ್ನೊಂದು ಸೋಜಿಗ. ಕಲ್ಲಿನ ಕಂಬಗಳ ಸಾಲಿನ ನಡುವೆ ಕಲಾವಿದರು ಹಾಡಿ ಕುಣಿಯುತ್ತಿದ್ದರೆ, ರಾಣೀವಾಸದವರು ಮರದ ಮರೆಯ ಹಿಂದೆ ಕುಳಿತು ಸಣ್ಣ ಕಿಂಡಿಗಳಿಂದ ನೋಡುತ್ತಿದ್ದರು. ಕುಣಿಯುವವಳಿಗೆ ತನ್ನನ್ನು ಯಾರು ನೋಡುತ್ತಿದ್ದಾರೆಂದು ತಿಳಿಯುವಂತಿರಲಿಲ್ಲ. ನಾಲ್ಕು ಅಂತಸ್ತಿನ ಉಪ್ಪರಿಗೆ ಮಾಳಿಗೆಯ ಮೇಲಿನ ಕೋಣೆಯೂ ಕಥೆಗೆ ಹೇಳಿ ಮಾಡಿಸಿದಂತಿದೆ. ಗೋಡೆ ತುಂಬ ಚಿತ್ರಗಳಿರುವ ಅದು ಪದ್ಮನಾಭ ದೇವರಿಗೇ ಮೀಸಲಾದ ಕೋಣೆ. ಅದರ ಕೆಳಗೆ ಅರಸನ ಮಲಗುವ ಕೋಣೆ, ಅರುವತ್ತನಾಲ್ಕು ಬಗೆಯ ಔಷಧೀಯ ಮರಗಳಿಂದ ಮಾಡಿದ್ದೆಂದು ತೋರಿಸುವ ಮಂಚ.

ಕತ್ತಲೆಯನ್ನು ಇಲ್ಲಿ ಯಾರೂ ಹೆದರಿಸಲೆಂದು ತಂದಿಟ್ಟಿಲ್ಲ. ಸೆಕೆಯ ನಾಡಿನಲ್ಲಿ ತಂಪಿಗಾಗಿ ಬಡಗಿಗಳು ಮಾಡಿಕೊಂಡ ಉಪಾಯ ಅದು. ದೆವ್ವದ ಸಿನಿಮಾ ತೆಗೆಯುವ ಹಲವರಿಗೆ ತಿಳಿಯದೆ ಹೋದದ್ದು ಇದೇ. 'ಮಣಿಚಿತ್ರತ್ತಾಳ್' ಬಂದ 1993ರಲ್ಲೇ ದೂರದರ್ಶನದ ಆಚೆಗಿನ ಹೊಸ ವಾಹಿನಿಯಲ್ಲಿ 'ಝೀ ಹಾರರ್ ಶೋ' ಕೂಡ ಆರಂಭವಾಯಿತು. ರಾಮ್ಸೆ ಸಹೋದರರ ಆ ಧಾರಾವಾಹಿಯನ್ನು ಚಾದರದೊಳಗಿಂದ ನೋಡಿದ ಮಕ್ಕಳು ಈಗ ಮಕ್ಕಳ ತಂದೆತಾಯಿಗಳು. ಹೊಗೆ, ಬಾವಲಿ, ಕಿರ್ರೆನ್ನುವ ಬಾಗಿಲು, ಹಿಟ್ಟು ಮೆತ್ತಿದಂಥ ಮುಖ. ಮೊದಲ ವಾರ ಬೆವರು, ನಾಲ್ಕನೆಯ ವಾರ ನಗು. ಕನ್ನಡದ 'ನಾ ನಿನ್ನ ಬಿಡಲಾರೆ' 1979ರಷ್ಟು ಹಿಂದೆಯೇ ಇದಕ್ಕಿಂತ ಹೆಚ್ಚು ಹೆದರಿಸಿತ್ತು. ಅಲ್ಲಿ ಅನಂತನಾಗ್ ಅವರ ಮುಖವೇ ಬದಲಾಗುತ್ತಿತ್ತು, ಮುಖವಾಡ ಬೇಕಿರಲಿಲ್ಲ.

ಫಾಸಿಲ್ ಅವರ ಚಿತ್ರದಲ್ಲಂತೂ ದೆವ್ವವೇ ಇಲ್ಲ. ಅರ್ಧ ಚಿತ್ರ ನಗುವಿನಲ್ಲೇ ಕಳೆಯುತ್ತದೆ. ಹಿಂದೊಮ್ಮೆ ಆ ಮನೆಯ ಯಜಮಾನ ತಂಜಾವೂರಿನ ನರ್ತಕಿಯೊಬ್ಬಳನ್ನು ಕೊಂದನಂತೆ, ಅವಳೇ ನಾಗವಲ್ಲಿ. ಕಲ್ಕತ್ತೆಯಿಂದ ಗಂಡನೊಡನೆ ಬಂದ ಗಂಗಾ ಬೀಗ ತೆಗೆಸುತ್ತಾಳೆ. ಕೊನೆಗೆ ನಿಜ ಹುಡುಕುವವನು ಮಂತ್ರವಾದಿಯಲ್ಲ, ಮನೋವೈದ್ಯ. ಅವನು ಅಗೆದು ತೆಗೆಯುವುದು ಗಂಗೆಯ ಬಾಲ್ಯವನ್ನು. ತಂದೆತಾಯಿ ಕಲ್ಕತ್ತೆಯಲ್ಲಿ, ಮಗು ಊರಿನಲ್ಲಿ ಅಜ್ಜಿಯ ಬಳಿ, ಜೊತೆಗೆ ಅಜ್ಜಿ ಹೇಳಿದ ಕಥೆಗಳು ಮಾತ್ರ. ಮಕ್ಕಳಿಗೆ ದೆವ್ವದ ಸಿನಿಮಾ ತೋರಿಸಬಹುದೇ ಎಂದು ಕೇಳುವ ಹೆತ್ತವರು ಈ ಭಾಗವನ್ನು ಗಮನಿಸಿ ನೋಡಬೇಕು. ಕಥೆಗಳಿಂದ ಗಂಗೆ ಕೆಟ್ಟಳೆಂದು ಚಿತ್ರ ಹೇಳುವುದಿಲ್ಲ. ಕಥೆಗಳನ್ನು ಬಿಟ್ಟರೆ ಅವಳಿಗೆ ಬೇರೆ ಯಾರೂ ಇರಲಿಲ್ಲ. ಒಂದೇ ರಾತ್ರಿಯ ನಾಟಕದಿಂದ ಅಂಥ ಕಾಯಿಲೆ ವಾಸಿಯಾಗುವುದು ಸಿನಿಮಾದಲ್ಲಿ ಮಾತ್ರ ಎಂಬುದನ್ನೂ ಮಕ್ಕಳಿಗೆ ಹೇಳಿಬಿಡುವುದು ಒಳ್ಳೆಯದು.

ಕನ್ನಡಿಗರಿಗೆ ನಾಗವಲ್ಲಿ ಪರಿಚಯವಾದದ್ದು 2004ರ 'ಆಪ್ತಮಿತ್ರ'ದಿಂದ. ಪಿ. ವಾಸು ನಿರ್ದೇಶನ, ದ್ವಾರಕೀಶ್ ನಿರ್ಮಾಣ, ವಿಷ್ಣುವರ್ಧನ್ ನಾಯಕ. ಗಂಗೆಯಾಗಿದ್ದ ಸೌಂದರ್ಯ ಚಿತ್ರ ಬಿಡುಗಡೆಯಾಗುವ ಮೊದಲೇ, ಆ ವರ್ಷದ ಏಪ್ರಿಲಿನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ತೆರೆಯ ಮೇಲೆ ಅವರು ಕುಣಿಯುವಾಗ ಚಿತ್ರಮಂದಿರದಲ್ಲಿ ಕುಳಿತವರಿಗೆ ಬೇರೆಯೇ ಒಂದು ನಡುಕ. ಕನ್ನಡದಲ್ಲಿ ಮನೆ ದೊಡ್ಡದಾಯಿತು, ಭಾರಿ ಹಾವೊಂದು ಸೇರಿತು. ಹಾವಿಲ್ಲದಿದ್ದರೂ ಚಿತ್ರ ಗೆಲ್ಲುತ್ತಿತ್ತು. ಆಮೇಲೆ 2005ರಲ್ಲಿ ತಮಿಳಿನ 'ಚಂದ್ರಮುಖಿ', 2007ರಲ್ಲಿ ಹಿಂದಿಯ 'ಭೂಲ್ ಭುಲಯ್ಯಾ'.

ಇವುಗಳಲ್ಲೆಲ್ಲ ಒಂದು ತಮಾಷೆಯ ಸಂಗತಿಯಿದೆ. ಮಲಯಾಳದ ನಾಗವಲ್ಲಿ ತಮಿಳಿನಲ್ಲಿ ಮಾತಾಡುತ್ತಾಳೆ. ಕನ್ನಡದ ನಾಗವಲ್ಲಿಗೆ ತೆಲುಗು, ತಮಿಳಿನ ಚಂದ್ರಮುಖಿಗೂ ತೆಲುಗು. ಹಿಂದಿಯವಳು ಬಂಗಾಳಿ. ಅಂದರೆ ಯಾವ ಭಾಷೆಯವರಿಗೂ ದೆವ್ವ ಸ್ವಂತ ಊರಿನದಲ್ಲ, ಪಕ್ಕದವರ ಮನೆಯಿಂದಲೇ ಬರಬೇಕು! ಎರಡು ಭಾಷೆಗಳೂ ಕಿವಿಗೆ ಬೀಳುವ ತಕ್ಕಲೆಯ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಇದು ಇನ್ನಷ್ಟು ನಗು ತರಿಸೀತು. ಇಲ್ಲಿ ಮಲಯಾಳ ಯಾರದು, ತಮಿಳು ಯಾರದು ಎಂದು ಬೇರ್ಪಡಿಸುವುದೇ ಕಷ್ಟ.

ಮೂಲ ಚಿತ್ರವನ್ನು ತೊಳೆದು ಹೊಸದು ಮಾಡಿ 2024ರ ಆಗಸ್ಟಿನಲ್ಲಿ ಮತ್ತೆ ಚಿತ್ರಮಂದಿರಗಳಿಗೆ ತಂದರು. ಮೂವತ್ತು ವರ್ಷದ ಹಿಂದೆ ಹೆದರಿದವರು ಮಕ್ಕಳನ್ನು ಕರೆದುಕೊಂಡು ಹೋದರು.

ಪದ್ಮನಾಭಪುರಕ್ಕೆ ಹೋಗುವವರು ಸೋಮವಾರ ಬಿಟ್ಟು ಹೋಗಬೇಕು, ಅಂದು ಅರಮನೆಗೆ ರಜೆ. ಚಪ್ಪಲಿ ಹೊರಗೇ ಬಿಡಬೇಕು. ಆ ಕಪ್ಪು ನೆಲದ ತಂಪು ಬರಿಗಾಲಿಗೇ ತಿಳಿಯುವಂಥದು. ಮರದ ಏಣಿಮೆಟ್ಟಿಲು ಕಡಿದು, ಬಾಗಿಲು ಗಿಡ್ಡ. ಎತ್ತರದವರು ತಲೆ ಬಗ್ಗಿಸಿಯೇ ಹೋಗಬೇಕು. ಸಾವಿರ ಜನ ಕುಳಿತು ಉಣ್ಣುತ್ತಿದ್ದ ಊಟದ ಶಾಲೆಯನ್ನು ತಪ್ಪದೆ ನೋಡಬೇಕು. ಹೊರಡುವಾಗ ಮೊಗಸಾಲೆಯ ಮಾಡಿನ ಒಳಗನ್ನೊಮ್ಮೆ ತಲೆಯೆತ್ತಿ ನೋಡಿದರೆ ಮರದಲ್ಲಿ ಕೆತ್ತಿದ ಹೂಗಳು ಕಾಣುತ್ತವೆ. ತೊಂಬತ್ತು ಬಗೆಯವು ಎನ್ನುತ್ತಾರೆ. ನಾಗವಲ್ಲಿಯ ಕೋಣೆ ಸಿಗದೆ ಸಪ್ಪಗಾದ ಮಕ್ಕಳಿಗೆ ಅವನ್ನು ಎಣಿಸಲು ಹೇಳಬಹುದು. ಬಸ್ಸು ಹೊರಡುವ ಹೊತ್ತಾದರೂ ಎಣಿಕೆ ಮುಗಿಯುವುದಿಲ್ಲ.